ಜನರಲಮ್ಮ ಹೊರಡಿಸಿದ ಆರ್ಡರು

ಮದುವೆಗೆ ಮುಂಚೆ ಆಕೆಗೆ ಹೇಳಿದ್ದು ಇಷ್ಟೇ: ಹುಡುಗ ಸೈನ್ಯದಲ್ಲಿದ್ದಾನೆ. ಉಳಿದದ್ದನ್ನೆಲ್ಲ ಆಕೆಯೇ ತುಂಬಿಕೊಂಡಿದ್ದಳು. ತಿರುಚಿದ ಮೀಸೆ, ಹೆಗಲಿಗೆ ಬಂದೂಕು, ಎದೆಯ ಮೇಲೆ ಪದಕ, ಹಿಂದೆ ಒಂದಿಷ್ಟು ಹಿಮ. ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಮೇಲೆ ಗಂಡ ಮೊದಲ ಸಲ ಕೆಲಸಕ್ಕೆ ಹೊರಟಾಗ ನೋಡುತ್ತಾಳೆ, ಕೈಯಲ್ಲಿ ತೋಳುದ್ದದ ಸೌಟು. ರಿಪೇರಿಗೆಂದು ಮನೆಗೆ ತಂದಿದ್ದನಂತೆ. ಆತ ರೆಜಿಮೆಂಟಿನ ಅಡುಗೆಯವ.

"ಬಂದೂಕು ಎಲ್ಲಿ?" ಎಂದು ಕೇಳಿದಳು.

"ಬಂದೂಕು ಹಿಡ್ದೋರೆಲ್ಲ ನನ್ನ ಮುಂದೆ ತಟ್ಟೆ ಹಿಡ್ಕೊಂಡು ನಿಲ್ತಾರೆ. ಸಾಕಲ್ವಾ?" ಎಂದ ಗಂಡ.

ಸಾಕಾಗಲಿಲ್ಲ. ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆದರೆ ಆ ವಾರದಲ್ಲೇ ಇನ್ನೊಂದು ನಡೆಯಿತು. ಗಂಡನ ಮೇಲೆ ಹುಟ್ಟಬೇಕಾದ ಪ್ರೀತಿ ದಾರಿ ತಪ್ಪಿ ಕ್ವಾರ್ಟರ್ಸಿನ ಮೇಲೆ ಹುಟ್ಟಿತು.

ಆಕೆ ಬೆಳೆದ ಮನೆಯ ಕಥೆ ಕೇಳಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಮನೆತುಂಬ ಮಕ್ಕಳು, ಎಲ್ಲರಿಗೂ ಸೇರಿ ಒಂದು ಟವೆಲ್ಲು, ಅದೂ ಯಾವಾಗಲೂ ಒದ್ದೆ. ಊಟ ಯಾವಾಗ ಎಂದು ಅಮ್ಮನಿಗೂ ಗೊತ್ತಿರುತ್ತಿರಲಿಲ್ಲ. ಅಪ್ಪ ಈಗ ಬಂದೆ ಎಂದು ಹೋದರೆ ಎರಡು ದಿನಕ್ಕೆ ಬಂದಾನು, ನಾಲ್ಕು ದಿನಕ್ಕೂ ಬಂದಾನು. ಅಂಥ ಮನೆಯಿಂದ ಬಂದವಳಿಗೆ ಇಲ್ಲಿ ಬೆಳಗ್ಗೆ ಕಹಳೆ, ಮಧ್ಯಾಹ್ನ ಗಂಟೆ, ಸಂಜೆ ಮತ್ತೆ ಕಹಳೆ. ಬೇಲಿಯ ಗಿಡಗಳು ಸಹ ಒಂದೇ ಎತ್ತರಕ್ಕೆ ಬೆಳೆಯುತ್ತಿದ್ದವು. ಹೆಚ್ಚು ಬೆಳೆದವಕ್ಕೆ ಕತ್ತರಿ. ಹೇಳಿದ ಹೊತ್ತಿಗೆ ಹೇಳಿದ್ದು ನಡೆಯುತ್ತದೆ ಎಂಬುದೇ ಆಕೆಗೆ ಯಾರೋ ತಲೆ ಸವರಿದಷ್ಟು ಹಿತವಾಗಿತ್ತು.

ಹಾಗಂತ ಅಲ್ಲಿ ಎಲ್ಲ ಸುಖವೇ ಇತ್ತು ಎಂದಲ್ಲ. ಗಂಡಂದಿರ ಭುಜದ ಪಟ್ಟಿಗಳು ಕಣ್ಣಿಗೆ ಕಾಣುತ್ತಿದ್ದವು, ಹೆಂಡತಿಯರದ್ದು ಕಾಣುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಗಂಡನಿಗೆ ಬಡ್ತಿಯಾದ ದಿನ ಹೆಂಡತಿಯ ಕತ್ತು ಒಂದಂಗುಲ ಉದ್ದವಾಗುತ್ತಿತ್ತು. ಮಹಿಳೆಯರ ಸಭೆಯಲ್ಲಿ ಅಧಿಕಾರಿಗಳ ಹೆಂಡತಿಯರು ಸೋಫಾದಲ್ಲಿ, ನಡುವಿನವರು ಕುರ್ಚಿಯಲ್ಲಿ, ಉಳಿದವರು ಬೆಂಚಿನಲ್ಲಿ. ಅಡುಗೆಯವನ ಹೆಂಡತಿ ಬಾಗಿಲ ಹತ್ತಿರ, ಟ್ರೇ ಹಿಡಿದು. ಸೋಫಾ ನಕ್ಕರೆ ಕುರ್ಚಿ ನಗಬೇಕು, ಕುರ್ಚಿ ನಕ್ಕರೆ ಬೆಂಚು ನಗಬೇಕು. ಜೋಕು ಅರ್ಥವಾಗಿರಲೇಬೇಕು ಎಂಬ ನಿಯಮ ಇರಲಿಲ್ಲ. ಆಕೆ ಬಾಗಿಲಲ್ಲಿ ನಿಂತೇ ಎಲ್ಲರಿಗಿಂತ ಕೊನೆಗೆ ನಕ್ಕು, ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಲಿತಳು. ಹಾಸಿಗೆಯ ಮೂಲೆ ಹೇಗೆ ಮಡಚಬೇಕು, ಬೂಟಿನ ಹೊಳಪಿನಲ್ಲಿ ಮುಖ ಹೇಗೆ ಕಾಣಬೇಕು, ಮೇಲಿನವರು ಬರುವಾಗ ಹೊಟ್ಟೆ ಎಲ್ಲಿ ಅಡಗಿಸಬೇಕು.

ಗಂಡ ಕಲಿತದ್ದು ಬೇರೆ. ನಿವೃತ್ತಿಯಾಗಿ ಬಂದ ಮರುದಿನ ಅಲಾರಂ ಗಡಿಯಾರವನ್ನು ತೆಗೆದು ಹಿಟ್ಟಿನ ಡಬ್ಬದಲ್ಲಿ ಹೂತುಹಾಕಿದ. "ಇನ್ಮೇಲೆ ಸೂರ್ಯ ನನ್ನ ಕೇಳ್ಕೊಂಡು ಹುಟ್ಲಿ," ಎಂದು ನೋಯುವ ಬೆನ್ನು ಹಿಡಿದುಕೊಂಡು ಮಗ್ಗುಲು ಬದಲಿಸಿದ. ಆಕೆ ಡಬ್ಬದಿಂದ ಗಡಿಯಾರ ತೆಗೆದು, ಹಿಟ್ಟು ಒರೆಸಿ, ಅವನ ತಲೆದಿಂಬಿನ ಕೆಳಗೇ ಇಟ್ಟಳು. ಮನೆಯಲ್ಲಿ ಯಾರು ನಿವೃತ್ತರಾಗಿದ್ದಾರೆ, ಯಾರು ಆಗಿಲ್ಲ ಎಂಬುದು ಅಂದೇ ಸ್ಪಷ್ಟವಾಯಿತು.

ಹೀಗಿರುವಾಗ ನರ್ಸಿಂಗ್ ಕಾಲೇಜೊಂದರ ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಬೇಕಾಗಿದ್ದಾರೆ ಎಂದು ಗೊತ್ತಾಗಿ ಆಕೆ ಅರ್ಜಿ ಹಾಕಿದಳು. ಕಾಲೇಜಿನ ಕಾರ್ಯದರ್ಶಿ ಗುಂಡಗೆ, ಚುರುಕಾಗಿ, ಯಾವಾಗಲೂ ಎಲ್ಲಿಗೋ ತಡವಾದವರಂತೆ ಇರುತ್ತಿದ್ದರು. ಸೈನ್ಯ ಎಂಬ ಮಾತು ಕಿವಿಗೆ ಬಿದ್ದದ್ದೇ ಕುರ್ಚಿಯಲ್ಲಿ ನೆಟ್ಟಗಾದರು.

"ನಿಮ್ಮ ಯಜಮಾನ್ರು ಸೈನ್ಯದಲ್ಲಿ ಏನಾಗಿದ್ರು?"

"ಇಡೀ ರೆಜಿಮೆಂಟು ಅವರನ್ನೇ ನಂಬ್ಕೊಂಡಿತ್ತು ಸರ್," ಎಂದಳು ಆಕೆ. ಸುಳ್ಳೇನಲ್ಲ.

"ನಮ್ಮ ಹುಡುಗೀರಿಗೆ ಅದೇ ಬೇಕಾಗಿರೋದು ನೋಡಿ. ಸೈನಿಕ ಸಂಸ್ಕೃತಿ!" ಎಂದು ಕಾರ್ಯದರ್ಶಿ ಮೇಜು ಗುದ್ದಿದರು. ಆ ಸಂಸ್ಕೃತಿ ಎಂದರೇನು ಎಂದು ಆಕೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿದೆ ಎಂದು ಇಬ್ಬರೂ ನಂಬಿದರು. ಜೊತೆಗೆ ಅಡುಗೆಯವರ ಜಾಗವೂ ಖಾಲಿ ಇದ್ದದ್ದರಿಂದ ಗಂಡನಿಗೂ ಕೆಲಸ ಸಿಕ್ಕಿತು. ಯುದ್ಧ ನೋಡಿ ಬೇಸತ್ತ ವೀರ ಮನಶ್ಶಾಂತಿಗಾಗಿ ಸೌಟು ಹಿಡಿದಿದ್ದಾನೆ ಎಂದು ಕಾರ್ಯದರ್ಶಿ ತಮ್ಮಷ್ಟಕ್ಕೇ ತಿಳಿದುಕೊಂಡರು. ಅವರನ್ನು ತಿದ್ದುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ.

ಹಾಸ್ಟೆಲ್ಲು ಎಂದರೆ ಎರಡು ಉದ್ದನೆಯ ಕೋಣೆಗಳು, ಗೋಡೆಗುಂಟ ಕಬ್ಬಿಣದ ಮಂಚಗಳು, ಕೊನೆಯಲ್ಲಿ ಸೋರುವ ನಲ್ಲಿಗಳ ಬಚ್ಚಲು. ಅಲ್ಲಿಯವರೆಗೆ ಅದು ಹುಡುಗಿಯರ ಸ್ವರ್ಗವಾಗಿತ್ತು. ಮಂಚದ ಸರಳಿಗೆ ಒದ್ದೆ ಬಟ್ಟೆ, ಕಿಟಕಿಯಲ್ಲಿ ಚಪ್ಪಲಿ, ಓದುವ ಮೇಜಿನ ಮೇಲೆ ಬಾಚಣಿಗೆ, ಬಾಚಣಿಗೆಯ ತುಂಬ ಮೂರು ಜನರ ಕೂದಲು. ಆಕೆ ಬಂದ ವಾರದಲ್ಲೇ ಎಲ್ಲ ಬದಲಾಯಿತು. ಬೆಳಗ್ಗೆ ಗಂಟೆ. ಗಂಟೆಯ ಬೆನ್ನಿಗೇ ಮಂಚದ ಬುಡದಲ್ಲಿ ಸಾಲಾಗಿ ನಿಂತು ಹಾಜರಿ. ಹಾಜರಿ ಮುಗಿದ ಮೇಲೆ ಹಾಸಿಗೆಯ ತಪಾಸಣೆ.

ಈ ತಪಾಸಣೆಯದ್ದೇ ದೊಡ್ಡ ರಗಳೆ. ಆಕೆ ಒಂದು ಸ್ಟೀಲ್ ಲೋಟಕ್ಕೆ ಕಂಠಮಟ್ಟ ನೀರು ತುಂಬಿ ಹಾಸಿಗೆಯ ನಟ್ಟನಡುವೆ ಇಡುತ್ತಿದ್ದಳು. ಚಾದರ ಬಿಗಿಯಾಗಿದ್ದರೆ ನೀರು ಅಲುಗಾಡುವುದಿಲ್ಲ. ಸಡಿಲವಿದ್ದರೆ ಲೋಟ ವಾಲಿ ನೀರು ಚೆಲ್ಲುತ್ತದೆ, ಅವತ್ತು ರಾತ್ರಿ ಒದ್ದೆ ಹಾಸಿಗೆಯೇ ಗತಿ. ಮೊದಲ ವಾರ ಅರ್ಧ ಹಾಸ್ಟೆಲ್ಲು ನೆನೆಯಿತು. ಹುಡುಗಿಯರು ಆಕೆಗೆ ಜನರಲಮ್ಮ ಎಂದು ಹೆಸರಿಟ್ಟರು. ಎದುರಿಗೆ ಮೇಡಂ, ಹಿಂದೆ ಜನರಲಮ್ಮ. ಹೆಸರು ಕಿವಿಗೆ ಬಿದ್ದಾಗ ಆಕೆ ಹುಬ್ಬು ಗಂಟಿಕ್ಕಿದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕನ್ನಡಿ ನೋಡಿ ಖುಷಿಪಟ್ಟಳು. ಬಾಗಿಲ ಹತ್ತಿರ ಟ್ರೇ ಹಿಡಿದು ನಿಂತವಳು ಒಂದೇ ನೆಗೆತಕ್ಕೆ ಜನರಲ್ ಆಗಿದ್ದಳಲ್ಲ!

ಹುಡುಗಿಯರಲ್ಲಿ ಒಬ್ಬಳಿದ್ದಳು, ಯಾವುದಕ್ಕೂ ವಾದ ಹೂಡುವವಳು. ಉಳಿದವರು ಅವಳನ್ನು ಲಾಯರ್ ಎನ್ನುತ್ತಿದ್ದರು. ಅವಳು ಒಂದು ಬೆಳಗ್ಗೆ ಸಾಲಿನಲ್ಲಿ ನಿಂತೇ ಕೈ ಎತ್ತಿದಳು.

"ಮೇಡಂ, ಸೈನಿಕ ಸಂಸ್ಕೃತಿ ಸೈನಿಕ ಸಂಸ್ಕೃತಿ ಅಂತ ದಿನಾ ಹೇಳ್ತೀರಲ್ಲ, ಹಾಗಂದ್ರೆ ಏನು ಅಂತ ಒಂದ್ಸಲ ಹೇಳ್ಬಿಡಿ. ಪಾಲಿಸೋಕೆ ಸುಲಭ ಆಗುತ್ತೆ."

"ಪ್ರಶ್ನೆ ಕೇಳದೇ ಇರೋದು," ಎಂದಳು ಜನರಲಮ್ಮ.

ಲಾಯರ್ ಕೈ ಇಳಿಸಿದಳು. ಉತ್ತರ ಚೆನ್ನಾಗಿತ್ತು ಎಂದು ಜನರಲಮ್ಮನಿಗೇ ಅನ್ನಿಸಿತು. ಊಟದ ಹೊತ್ತಿಗೆ ಗಂಡನಿಗೂ ಹೇಳಿದಳು. ಅವನು ಪಾತ್ರೆಯ ತಳ ಕೆರೆಯುತ್ತಾ, "ನನ್ನ ಕೇಳಿದ್ರೆ ಬೇರೆ ಹೇಳ್ತಿದ್ದೆ," ಎಂದ. "ದೊಡ್ಡೋರು ಬರ್ತಾರೆ ಅಂದಾಗ ಮಾಡೋದು ಸಂಸ್ಕೃತಿ. ಅವರು ಆ ಕಡೆ ಹೋದ್ಮೇಲೆ ಮಾಡೋದು ಜೀವನ."

"ಅದಕ್ಕೇ ನೀವು ಕೊನೇತನಕ ಸೌಟು ಹಿಡ್ಕೊಂಡೇ ಇದ್ರಿ," ಎಂದಳು ಆಕೆ.

ಆಮೇಲೆ ಒಂದು ಪವಾಡವಾಯಿತು. ಹಾಸಿಗೆಗಳು ಇದ್ದಕ್ಕಿದ್ದಂತೆ ಸರಿಯಾಗತೊಡಗಿದವು. ಮೊದಲು ಒಂದು ಸಾಲು, ಮರುವಾರ ಎರಡು ಕೋಣೆಗಳೂ. ಚಾದರಗಳು ಡೋಲಿನ ಚರ್ಮದ ಹಾಗೆ ಬಿಗಿದಿದ್ದವು. ಲೋಟ ಇಟ್ಟರೆ ನೀರಿನಲ್ಲಿ ಒಂದು ಸುಕ್ಕಿಲ್ಲ. ಜನರಲಮ್ಮ ಎಷ್ಟು ಹಿಗ್ಗಿದಳೆಂದರೆ ಕಾರ್ಯದರ್ಶಿಯನ್ನು ಕರೆತಂದು ತೋರಿಸಿದಳು. ಅವರು ಒಂದೊಂದು ಮಂಚದ ಮುಂದೆಯೂ ನಿಂತು, "ಆಹಾ!" ಎಂದರು. ಅಲ್ಲಿಂದ ನೇರ ಹೋಗಿ ನಿವೃತ್ತ ಕರ್ನಲ್ ಒಬ್ಬರನ್ನು ಗೊತ್ತುಮಾಡಿಕೊಂಡು ಬಂದರು. ಮುಂದಿನ ಭಾನುವಾರ ಕರ್ನಲ್ ಹಾಸ್ಟೆಲ್ಲು ತಪಾಸಣೆ ಮಾಡುತ್ತಾರೆ, ಆಮೇಲೆ ಸಭಾಂಗಣದಲ್ಲಿ ಭಾಷಣ. ವಿಷಯ: "ಸೈನಿಕ ಸಂಸ್ಕೃತಿ: ಅರ್ಥ ಮತ್ತು ವ್ಯಾಖ್ಯಾನ".

ಆ ವಾರ ನೋಡಬೇಕಿತ್ತು. ಹೂಕುಂಡಗಳು ಬಾಡಿಗೆಗೆ ಬಂದವು. ಸೋರುವ ನಲ್ಲಿಗಳನ್ನು ರಿಪೇರಿ ಮಾಡಿಸುವ ಬದಲು ಅವುಗಳ ಬಾಯಿಗೆ ಬಟ್ಟೆ ಕಟ್ಟಿದರು. ಒಡೆದ ಕಿಟಕಿಗೆ ಹೊಸ ಪರದೆ ಬಂತು, ಗಾಜು ಬರಲಿಲ್ಲ. ರಾತ್ರಿಯ ಗಾಳಿ ಪರದೆಯನ್ನು ಅತ್ತಿತ್ತ ಆಡಿಸಿಕೊಂಡು ಒಳಗೆ ಓಡಾಡುತ್ತಿತ್ತು. ಚಳಿಗಾಲ ಬೇರೆ.

ಭಾನುವಾರ ಜನರಲಮ್ಮನಿಗೆ ಗಂಟೆ ಹೊಡೆಯುವ ಹೊತ್ತಿಗಿಂತ ಮೊದಲೇ ಎಚ್ಚರವಾಯಿತು. ಬೆಳಕು ಆಗತಾನೇ ಹರಿಯುತ್ತಿತ್ತು. ಕೊನೆಯ ಸಲ ಎಲ್ಲ ನೋಡಿಬರೋಣ ಎಂದು ಮೊದಲ ಕೋಣೆಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಳು. ಕಾಲಿನ ಕೆಳಗೆ ಏನೋ ಮೆತ್ತಗೆ ಸಿಕ್ಕಿತು.

"ಅಯ್ಯಮ್ಮಾ, ನನ್ನ ಕೈ!" ಎಂದಿತು ನೆಲ.

ಜನರಲಮ್ಮ ದೀಪ ಹಾಕಿದಳು. ಮಂಚಗಳೆಲ್ಲ ಖಾಲಿ. ಚಾದರಗಳು ಬಿಗಿಯಾಗಿ, ಬೆಳ್ಳಗೆ, ಒಂದು ಮಡಿಕೆಯೂ ಕೆಡದೆ ಮಲಗಿದ್ದವು. ಹುಡುಗಿಯರೆಲ್ಲ ಮಂಚಗಳ ನಡುವಿನ ತಣ್ಣನೆಯ ನೆಲದ ಮೇಲೆ, ಹಳೆ ಚಾದರ, ರಟ್ಟು, ಸುದ್ದಿಪತ್ರಿಕೆ ಹಾಸಿಕೊಂಡು, ಒಬ್ಬರಿಗೊಬ್ಬರು ಅಂಟಿಕೊಂಡು ಮುದುಡಿದ್ದರು.

"ಏನಿದು?" ಎಂದಳು.

ಲಾಯರ್ ಕಣ್ಣುಜ್ಜಿಕೊಂಡು ಎದ್ದು ಕೂತಳು. ಕೂದಲು ಕಾಗೆಗೂಡಾಗಿತ್ತು. "ಹಾಸಿಗೆ ಮೇಡಂ. ಮಲಗಿದ್ರೆ ಕೆಡುತ್ತಲ್ಲ. ಅದಕ್ಕೇ ಮಲಗಲ್ಲ."

"ಯಾವತ್ತಿಂದ?"

"ನೀರು ಚೆಲ್ಲೋದು ನಿಂತಿದ್ದು ಯಾವತ್ತು, ಅವತ್ತಿಂದ."

"ಯಾರು ಹೇಳ್ಕೊಟ್ಟಿದ್ದು ಈ ಬುದ್ಧಿ?"

ಯಾರೂ ಉಸಿರೆತ್ತಲಿಲ್ಲ. ತಮ್ಮವರನ್ನು ಬಿಟ್ಟುಕೊಡಬಾರದು ಎಂಬ ಪಾಠವನ್ನು ಆಕೆ ಕಲಿಸಿರಲಿಲ್ಲ. ಅದನ್ನೂ ಅವರು ಹೇಗೋ ಕಲಿತುಬಿಟ್ಟಿದ್ದರು. ಒಡೆದ ಕಿಟಕಿಯ ಕೆಳಗೆ ಒಂದು ಸಣ್ಣ ಮುದ್ದೆ ನಡುಗುತ್ತಿತ್ತು. ಹಾಸ್ಟೆಲ್ಲಿನಲ್ಲೇ ಚಿಕ್ಕವಳು, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ. ಜನರಲಮ್ಮ ಬಗ್ಗಿ ಹಣೆ ಮುಟ್ಟಿದಳು. ಕಾದ ಕಾವಲಿಯ ಹಾಗಿತ್ತು. ಏನೂ ಯೋಚಿಸದೆ ಅವಳನ್ನು ಎತ್ತಿ ಪಕ್ಕದ ಮಂಚದ ಮೇಲೆ ಮಲಗಿಸಲು ಹೋದಳು. ಗುಬ್ಬಿ ಮಂಚದ ಕಾಲು ಹಿಡಿದುಕೊಂಡು ಬಿಡಲೊಲ್ಲಳು.

"ಬೇಡ ಮೇಡಂ, ಬೇಡ," ಎಂದು ಹಲ್ಲು ಕಟಕಟಿಸುತ್ತಾ ಅತ್ತಳು. "ಹಾಸಿಗೆ ಹಾಳಾಗುತ್ತೆ. ಕರ್ನಲ್ ಬರ್ತಾರೆ."

ಆ ಮಾತು ಜನರಲಮ್ಮನ ಎದೆಗೆ ಚುಚ್ಚಿತು. ಬೈದರೆ ಹೆದರುತ್ತಾರೆ, ಒದ್ದೆ ಹಾಸಿಗೆಗೆ ಹೆದರುತ್ತಾರೆ ಎಂದು ಗೊತ್ತಿತ್ತು. ಆದರೆ ಜ್ವರದಲ್ಲಿ ಬೇಯುವ ಮಗುವೊಂದು ತಾನು ಮಲಗಿದರೆ ಹಾಸಿಗೆಗೆ ನೋವಾದೀತು ಎಂಬಂತೆ ಅಳುವುದನ್ನು ನೋಡುವುದು ಬೇರೆ. ಆಕೆ ಚಾದರದ ಮೂಲೆಯನ್ನು ಎರಡೂ ಕೈಯಿಂದ ಹಿಡಿದು ಸರ್ರೆಂದು ಕಿತ್ತಳು. "ಹಾಳಾಯ್ತು ನೋಡು. ಈಗ ಮಲ್ಕೋ," ಎಂದಳು. ಮೂರು ಕಂಬಳಿ ಹೊದೆಸಿ, ಮಾತ್ರೆ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಇಡಲು ಲಾಯರಿಗೆ ಹೇಳಿ, ದೊಡ್ಡವರು ಬಂದಾಗಿನ ಸಂಸ್ಕೃತಿಯ ಬಗ್ಗೆ ಗಂಡ ಹೇಳಿದ್ದು ನೆನಪಾಗಿ ಸೀದಾ ಅಡುಗೆಮನೆಗೆ ನಡೆದಳು.

ಗಂಡ ಗಂಜಿ ಕಲಕುತ್ತಿದ್ದ. ಹೆಂಡತಿಯ ಮುಖ ನೋಡಿದ್ದೇ ಸೌಟನ್ನು ಎದೆಗೆ ಅಡ್ಡ ಹಿಡಿದ.

"ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

"ಹುಡುಗೀರು ದಿನಾ ಒದ್ದೆ ಹಾಸಿಗೇಲಿ ಮಲಗ್ತಿದ್ರು ಕಣೇ. ಬಂದು ಅತ್ರು. ನನಗೆ ಗೊತ್ತಿದ್ದ ಉಪಾಯ ಅದೊಂದೇ."

"ನಿಮಗೆ ಹೇಗೆ ಗೊತ್ತು?"

"ಹೇಗೆ ಅಂದ್ರೆ? ನಾವೆಲ್ಲ ಮಾಡ್ತಿದ್ದಿದ್ದೇ ಅದು. ಮದುವೆಗೆ ಮುಂಚೆ ಬ್ಯಾರಕ್ಕಿನಲ್ಲಿದ್ದಾಗ, ಆಮೇಲೆ ಕ್ಯಾಂಪಿಗೆ ಹೋದಾಗೆಲ್ಲ. ನಾಳೆ ತಪಾಸಣೆ ಅಂದ್ರೆ ಇವತ್ತು ಎಲ್ರೂ ನೆಲದ ಮೇಲೆ. ಸಾಹೇಬ್ರು ಬಂದು ಹಾಸಿಗೆ ನೋಡಿ ಭೇಷ್ ಅಂತಿದ್ರು. ನಾವು ಹಿಂದೆ ಸೊಂಟ ಹಿಡ್ಕೊಂಡು ನಿಂತಿರ್ತಿದ್ವಿ."

ಜನರಲಮ್ಮ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತಳು. "ಅಂದ್ರೆ ನಿಮ್ಮ ಬೆನ್ನುನೋವು..."

"ಅದೇ ಮತ್ತೆ. ಬಾಂಬು ಬಿದ್ದಾಗ ಆಗಿದ್ದು ಅಂತ ನೀನೇ ಬೀದಿತುಂಬ ಹೇಳ್ಕೊಂಡು ಬಂದೆ. ಇರ್ಲಿ, ಮರ್ಯಾದೆ ಸಿಗುತ್ತಲ್ಲ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ."

ಆಕೆಗೆ ಅಳು ಬಂತೋ ನಗು ಬಂತೋ ಹೇಳುವುದು ಕಷ್ಟ. ಸಿಟ್ಟಂತೂ ಧಾರಾಳವಾಗಿ ಬಂತು. ಗಂಡನ ಮೇಲೆ ಒಂದಿಷ್ಟು, ಉಳಿದದ್ದು ತನ್ನ ಮೇಲೆ. ಅಷ್ಟು ವರ್ಷ ತಾನು ಪ್ರೀತಿಸಿದ ಆ ನೀಟಾದ ಹಾಸಿಗೆಗಳ ಮೇಲೆ ಯಾರೂ ಮಲಗಿಯೇ ಇರಲಿಲ್ಲ! "ಇಷ್ಟು ವರ್ಷದಲ್ಲಿ ಒಂದ್ಸಲ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?" ಎಂದಳು.

"ನೀನು ಅಷ್ಟು ಖುಷಿಯಾಗಿದ್ದೆ," ಎಂದ ಗಂಡ. ಆಕೆ ಹಿಟ್ಟಿನ ಚೀಲದಿಂದ ಎದ್ದು ಹೋದಳು.

ಕೋಣೆಗೆ ಮರಳುವ ಹೊತ್ತಿಗೆ ಕಾರ್ಯದರ್ಶಿ ಬಂದಿದ್ದರು. ಕೋಟು, ಟೈ, ಕಂಕುಳಲ್ಲಿ ಹೂಗುಚ್ಛ. ಗುಬ್ಬಿ ಮಲಗಿದ್ದ ಮಂಚದ ಮುಂದೆ ನಿಂತು ಹಾವು ಕಂಡವರಂತೆ ಬೆಚ್ಚಿದ್ದರು.

"ಏನ್ರೀ ಇದು? ಸಾಲಿನ ಮಧ್ಯದಲ್ಲೇ! ಒಂದು ಗಂಟೆ ಮಟ್ಟಿಗೆ ಇವಳನ್ನ ಅಡುಗೆಮನೆಗೆ ಸಾಗಿಸಿ. ಹಾಸಿಗೆ ಸರಿಮಾಡಿ."

"ಜ್ವರ ಇದೆ ಸರ್."

"ಜ್ವರ ಅಡುಗೆಮನೇಲೂ ಇರುತ್ತೆ! ಕರ್ನಲ್ ಆಗಲೇ ಹೊರಟಾಯ್ತು."

ಜನರಲಮ್ಮ ಸುತ್ತ ನೋಡಿದಳು. ಹುಡುಗಿಯರು ಆಗಲೇ ಸಮವಸ್ತ್ರ ತೊಟ್ಟು, ಮಂಚದ ಬುಡದಲ್ಲಿ ಸಾಲಾಗಿ ನಿಂತಿದ್ದರು. ಕಣ್ಣು ಕೆಂಪಗೆ, ಮುಖ ಬಾಡಿ. ಒಬ್ಬಳು ನಿಂತಲ್ಲೇ ತೂಕಡಿಸಿ ಪಕ್ಕದವಳ ಹೆಗಲಿಗೆ ತಲೆ ಬಡಿದುಕೊಂಡಳು. ಆಗ ಜನರಲಮ್ಮ ತನ್ನ ಜೀವನದ ಅತ್ಯಂತ ದೊಡ್ಡ ದನಿ ತೆಗೆದಳು.

"ಎಲ್ರೂ ಕೇಳಿ! ಈ ಕ್ಷಣ ನಿಮ್ಮ ನಿಮ್ಮ ಹಾಸಿಗೆ ಮೇಲೆ ಮಲ್ಕೊಳ್ಳಿ!"

ಯಾರೂ ಅಲ್ಲಾಡಲಿಲ್ಲ. ಇದರಲ್ಲೇನೋ ಮಸಲತ್ತಿದೆ ಎಂದುಕೊಂಡರು.

"ಮೇಡಂ, ಹಾಸಿಗೆ..." ಎಂದಳು ಲಾಯರ್.

"ಪ್ರಶ್ನೆ ಬೇಡ! ಇದು ಆರ್ಡರು! ಕಂಬಳಿ ಹೊದ್ಕೊಂಡು, ಕಣ್ಣುಮುಚ್ಚಿ, ನಿದ್ದೆ ಮಾಡಿ! ಆ ಕೋಣೆಯವರಿಗೂ ಹೇಳಿ!"

ಆ ಹಾಸ್ಟೆಲ್ಲಿನಲ್ಲಿ ಯಾವ ಆರ್ಡರೂ ಇಷ್ಟು ಬೇಗ ಜಾರಿಯಾಗಿರಲಿಲ್ಲ. ಮಂಚಗಳು ಒಟ್ಟಿಗೆ ಕಿರುಗುಟ್ಟಿದವು, ಬಿಗಿದ ಚಾದರಗಳು ಒಟ್ಟಿಗೆ ಮುದ್ದೆಯಾದವು. ಕಾರ್ಯದರ್ಶಿ ಹೂಗುಚ್ಛವನ್ನು ಎದೆಗೆ ಅವುಚಿಕೊಂಡು, "ನಿಮ್ಮ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ," ಎಂದು ಪಿಸುಗುಟ್ಟಿದರು. ಪಿಸುಗುಟ್ಟಿದ್ದು ಏಕೆಂದರೆ ಅಷ್ಟರಲ್ಲಿ ಒಬ್ಬಳು ಆಗಲೇ ಗೊರಕೆ ಶುರುಮಾಡಿದ್ದಳು.

ಕರ್ನಲ್ ಬಂದರು. ಜನರಲಮ್ಮ ಎಣಿಸಿದ್ದಂತೆ ಆರಡಿ ಆಳೇನಲ್ಲ. ಗಿಡ್ಡಗೆ, ತೆಳ್ಳಗೆ, ಊರುಗೋಲು ಊರಿಕೊಂಡು ಮೆಟ್ಟಿಲಿಗೊಂದು ಉಸಿರು ಬಿಡುತ್ತಾ ಹತ್ತಿದರು. ಜನರಲಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಕ್ವಾರ್ಟರ್ಸಿನ ಸೋಫಾ, ಕುರ್ಚಿ, ಬೆಂಚುಗಳೆಲ್ಲ ಕಣ್ಣಮುಂದೆ ಬಂದವು. ಆದರೂ ಜಾಗ ಬಿಡಲಿಲ್ಲ.

"ಒಳಗೆ ಮಲಗಿದ್ದಾರೆ ಸರ್."

"ಯಾರು?"

"ಎಲ್ರೂ."

"ಈ ಹೊತ್ತಲ್ಲಿ? ಯಾರ ಆದೇಶ?"

"ನಂದು ಸರ್. ನೋಡ್ಲೇಬೇಕು ಅಂದ್ರೆ ಬೂಟು ಬಿಚ್ಚಿ ಬನ್ನಿ. ಸದ್ದಾಗುತ್ತೆ."

ಕಾರ್ಯದರ್ಶಿ ಗೋಡೆಗೆ ಒರಗಿ ಕಣ್ಣುಮುಚ್ಚಿದರು. ಕರ್ನಲ್ ಆಕೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದರು. ಬಗ್ಗಲಾಗದೆ ಒದ್ದಾಡಿದರು, ಕೊನೆಗೆ ಜನರಲಮ್ಮನೇ ಎಳೆದು ತೆಗೆದಳು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗಿಣುಕುತ್ತಿತ್ತು. ತುದಿಗಾಲಲ್ಲಿ ಬಾಗಿಲವರೆಗೆ ಹೋಗಿ ಕತ್ತು ಚಾಚಿದರು. ಎರಡು ಸಾಲು ಮಂಚ, ಕೆದರಿದ ಕೂದಲು, ತೆರೆದ ಬಾಯಿಗಳು, ಕಂಬಳಿಯ ಹೊರಗೆ ಚಾಚಿದ ಕಾಲುಗಳು. ಬಹಳ ಹೊತ್ತು ನೋಡಿದರು.

"ಜೀವಮಾನವೆಲ್ಲ ತಪಾಸಣೆ ಮಾಡ್ದೆ," ಎಂದರು ಮೆಲ್ಲಗೆ. "ಹಾಸಿಗೇಲಿ ಮನುಷ್ಯರನ್ನ ನೋಡಿದ್ದು ಇದೇ ಮೊದಲು." ಆಮೇಲೆ, "ತಿನ್ನೋಕೆ ಏನಾದ್ರೂ ಇದೆಯಾ?" ಎಂದು ಕೇಳಿದರು.

ಅಡುಗೆಮನೆಯಲ್ಲಿ ಗಂಡ ಬಡಿಸಿದ ಗಂಜಿಯನ್ನು ಎರಡು ಸಲ ಹಾಕಿಸಿಕೊಂಡು ಕುಡಿದರು. ಇಬ್ಬರೂ ಯಾವುದೋ ಹಳೆಯ ಕ್ಯಾಂಪಿನ ಇಲಿಗಳ ಬಗ್ಗೆ ಮಾತಾಡಿಕೊಂಡು ಕೂತರು. ಯುದ್ಧದ ಸುದ್ದಿ ಇಬ್ಬರ ಬಾಯಲ್ಲೂ ಬರಲಿಲ್ಲ.

ಮಧ್ಯಾಹ್ನ ಸಭೆ. ನಿದ್ದೆ ಮುಗಿಸಿದ ಹುಡುಗಿಯರು ಕೆನ್ನೆಯ ಮೇಲೆ ದಿಂಬಿನ ಗೆರೆಗಳೊಂದಿಗೆ ಬಂದು ಕೂತರು. ಗುಬ್ಬಿಯ ಜ್ವರ ಇಳಿದಿತ್ತು; ಅವಳನ್ನು ಮಾತ್ರ ಕರೆತಂದಿರಲಿಲ್ಲ. ಕರ್ನಲ್ ಮನೆಯಿಂದಲೇ ಬರೆದು ತಂದಿದ್ದ ಭಾಷಣ ತೆಗೆದರು. ಮೊದಲ ವಾಕ್ಯವೇ ಹೀಗಿತ್ತು: "ಇಂದು ಈ ಹಾಸ್ಟೆಲ್ಲಿನಲ್ಲಿ ನಾನು ಕಣ್ಣಾರೆ ಕಂಡ ಶಿಸ್ತು, ಅಚ್ಚುಕಟ್ಟು ಹಾಗೂ ಎಚ್ಚರವನ್ನು ಬಣ್ಣಿಸಲು ಮಾತುಗಳಿಲ್ಲ." ಹಿಂದಿನ ದಿನವೇ ಬರೆದದ್ದು, ಬದಲಿಸುವುದು ಹೇಗೆ? ಹಾಗೇ ಓದಿದರು. ಎಚ್ಚರ ಎಂಬ ಕಡೆ ಮಾತ್ರ ಸ್ವಲ್ಪ ಕೆಮ್ಮಿದರು. ಕಾರ್ಯದರ್ಶಿಯ ಮುಖಕ್ಕೆ ಬಣ್ಣ ಮರಳಿತು. ಎಲ್ಲರಿಗಿಂತ ಜೋರಾಗಿ ಅವರೇ ಚಪ್ಪಾಳೆ ತಟ್ಟಿದರು. ಜನರಲಮ್ಮನ ಕೆಲಸದ ಮಾತು ಮತ್ತೆ ಯಾವತ್ತೂ ಎತ್ತಲಿಲ್ಲ.

ಕರ್ನಲ್ ಸೈನಿಕ ಸಂಸ್ಕೃತಿಯನ್ನು ಬಿಡಿಸಿ ಬಿಡಿಸಿ ಹೇಳತೊಡಗಿದರು. ಅದಕ್ಕೆ ನಾಲ್ಕು ಮುಖಗಳಂತೆ. ಎರಡನೆಯ ಮುಖ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಜನರಲಮ್ಮನಿಗೆ ಗಾಢ ನಿದ್ದೆ ಹತ್ತಿತ್ತು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹೀಗಾಗಿ ಉಳಿದೆರಡು ಮುಖಗಳು ಯಾವುವು ಎಂದು ಆಕೆಗೆ ಕೊನೆಗೂ ತಿಳಿಯಲಿಲ್ಲ. ಹುಡುಗಿಯರನ್ನು ಕೇಳಿದರೆ ಅವರೂ ಒಬ್ಬೊಬ್ಬರು ಒಂದೊಂದು ಹೇಳಿದರು.

ಕಿಟಕಿಗೆ ಗಾಜು ಹಾಕಿಸಲು ಆಕೆ ಕಾರ್ಯದರ್ಶಿಯ ಬಾಗಿಲಲ್ಲಿ ಎರಡು ದಿನ ಕೂತಳು, ಹಾಕಿಸಿದಳು. ಹಾಜರಿ ನಿಲ್ಲಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ಹಾಸಿಗೆಯ ತಪಾಸಣೆ ನಿಂತಿತು. ಬದಲಿಗೆ ಬೆಳಗ್ಗೆ ಒಬ್ಬೊಬ್ಬರ ಹಣೆ ಮುಟ್ಟಿ ನೋಡುವ ಹೊಸ ಕಾಟ ಶುರುವಾಯಿತು. ಮುಂದೆ ನರ್ಸುಗಳಾಗುವವರಿಗೆ ಅದು ಸಿಕ್ಕಾಪಟ್ಟೆ ಮುಜುಗರ, ಆರೋಗ್ಯವಾಗಿದ್ದವರಿಗೂ ಬಿಡುಗಡೆಯಿರಲಿಲ್ಲ. ಗಂಡನ ಜೊತೆ ಒಂದು ವಾರ ಮಾತು ಬಿಟ್ಟಳು. ಎಂಟನೆಯ ದಿನ ಏನೂ ಹೇಳದೆ ಎಣ್ಣೆ ಬಿಸಿಮಾಡಿಕೊಂಡು ಬಂದು ಅವನ ಬೆನ್ನು ತಿಕ್ಕಿದಳು. ಎಷ್ಟು ಜೋರಾಗಿ ತಿಕ್ಕಿದಳೆಂದರೆ ಬಾಂಬೇ ಮೇಲು ಎಂದು ಅವನಿಗೆ ಅನ್ನಿಸಿತಂತೆ.

ಭಾನುವಾರ ಗಂಟೆ ಹೊಡೆಯುವುದಿಲ್ಲ, ಯಾರು ಎಷ್ಟು ಹೊತ್ತಾದರೂ ಮಲಗಬಹುದು ಎಂದು ಆಕೆಯೇ ಹೊಸ ನಿಯಮ ತಂದಳು. ಮೊದಲ ಭಾನುವಾರ ಇಡೀ ಹಾಸ್ಟೆಲ್ಲು ಹೆಣದಂತೆ ಮಲಗಿತ್ತು, ಪಕ್ಕದಲ್ಲಿ ಗಂಡನೂ ಮಲಗಿದ್ದ. ತಾನೂ ಮಲಗಬೇಕೆಂದು ಆಕೆ ಹಟ ತೊಟ್ಟು ಕಣ್ಣು ಮುಚ್ಚಿದಳು. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು, ಮಾಡಿನ ಜೇಡರ ಬಲೆ ನೋಡಿದಳು. ಆಗಲಿಲ್ಲ. ಎದ್ದು, ಹಳೆ ಬಟ್ಟೆ ತೊಟ್ಟು, ಬಣ್ಣದ ಡಬ್ಬ ಹುಡುಕಿ, ಹೊರಗೆ ಹೋಗಿ ಸದ್ದಿಲ್ಲದೆ ಗೇಟಿಗೆ ಬಣ್ಣ ಬಳಿಯತೊಡಗಿದಳು.